ಮ್ಯಾಕ್‌ನಲ್ಲಿ ಟ್ಯಾಲಿ: ಓಪನ್ ಆಗೋದು ಸುಲಭ, ಎಫ್8 ಒತ್ತೋದು ಕಷ್ಟ

ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ಲೆಕ್ಕ ಬರೆಯುವವನ ಕೈಯಲ್ಲಿ ಮ್ಯಾಕ್‌ಬುಕ್ ಕಂಡರೆ ಎಲ್ಲರೂ ಕೇಳುವುದು ಒಂದೇ. "ಇದ್ರಾಗ ಟ್ಯಾಲಿ ನಡೀತದೇನ್ರೀ?" ಟ್ಯಾಲಿ ವಿಂಡೋಸ್‌ಗೆ ಮಾಡಿದ ಲೆಕ್ಕದ ಸಾಫ್ಟ್‌ವೇರ್, ಅದಕ್ಕೇ ಈ ಪ್ರಶ್ನೆ. ನಡೆಯುತ್ತದೆ. ಇಲ್ಲಿನ ಕೆಲವು ಅಡತಿ ಅಂಗಡಿ, ದಾಲ್ ಮಿಲ್‌ಗಳ ಲೆಕ್ಕವನ್ನು ನಾನು ಎಂ1 ಮ್ಯಾಕ್‌ಬುಕ್ ಏರ್‌ನಲ್ಲೇ ನೋಡಿಕೊಳ್ಳುತ್ತೇನೆ. ಆದರೆ ಯೂಟ್ಯೂಬ್ ವಿಡಿಯೋಗಳಲ್ಲಿ ಟ್ಯಾಲಿ ಓಪನ್ ಆಯ್ತು ಅಂತ ತೋರಿಸಿ ಮುಗಿಸಿಬಿಡುತ್ತಾರೆ. ನಿಜವಾದ ತಲೆನೋವು ಶುರುವಾಗುವುದೇ ಅಲ್ಲಿಂದ. ಕೀಬೋರ್ಡ್, ಪ್ರಿಂಟರ್, ಡಿಜಿಟಲ್ ಸಹಿ ಮಾಡುವ ಯುಎಸ್‌ಬಿ ಟೋಕನ್, ಲೈಸೆನ್ಸ್, ಎಲ್ಲವೂ ಟ್ಯಾಲಿಯ ಬಾಲ ಹಿಡಿದುಕೊಂಡು ಬರಬೇಕಲ್ವಾ?

"ಮ್ಯಾಕ್‌ಗೆ ಸಿಗುವ ಬೇರೆ ಸಾಫ್ಟ್‌ವೇರ್ ಹಾಕಿಕೋ" ಅನ್ನುವವರು ಗಂಜ್‌ಗೆ ಬಂದು ನೋಡಬೇಕು. ಮುನೀಮರದ್ದು ಟ್ಯಾಲಿ, ಸಿಎ ಆಫೀಸಿನದು ಟ್ಯಾಲಿ, ಎದುರಿನ ಪಾರ್ಟಿ ಕಳಿಸುವ ಲೆಡ್ಜರ್ ಕೂಡ ಟ್ಯಾಲಿಯದ್ದೇ. ಬೇಳೆಯ ಲೆಕ್ಕವೂ ಸರಳವಿಲ್ಲ. 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಹಾಕಿದ ಪ್ಯಾಕೆಟ್‌ಗೆ 5% ಜಿಎಸ್‌ಟಿ ಇದೆ, ಬಿಡಿ ಮಾಲಿಗೆ ಇಲ್ಲ. ಅಂದರೆ ಅದೇ ತೊಗರಿ ಬೇಳೆಗೆ ಎರಡು ಐಟಂ ಮಾಡಿ ಇಡಬೇಕು. ವರ್ಷಗಟ್ಟಲೆ ಹೀಗೆ ಜೋಡಿಸಿಟ್ಟ ಡೇಟಾವನ್ನು ನನ್ನ ಲ್ಯಾಪ್‌ಟಾಪ್ ಚೆಂದ ಅಂತ ಯಾವ ಸಾವಕಾರರೂ ಬದಲಾಯಿಸುವುದಿಲ್ಲ.

ಹಳೆಯ ಇಂಟೆಲ್ ಚಿಪ್‌ನ ಮ್ಯಾಕ್ ಇದ್ದರೆ ಬೂಟ್ ಕ್ಯಾಂಪ್ ಇತ್ತು. ವಿಂಡೋಸ್ ನೇರವಾಗಿ ಹಾಕಿಕೊಂಡು ಆರಾಮಾಗಿ ಇರಬಹುದಿತ್ತು. 2020ರ ನವೆಂಬರ್‌ನಲ್ಲಿ ಆಪಲ್‌ನದ್ದೇ ಎಂ1 ಚಿಪ್ (ಇಂಟೆಲ್ ಅಲ್ಲ, ಆರ್ಮ್ ಬಗೆಯದು) ಬಂದಾಗ ಆ ದಾರಿ ಬಂದ್ ಆಯಿತು. ರೊಸೆಟಾ ಇದೆಯಲ್ಲ ಅಂತ ಕೆಲವರು ಅಂದುಕೊಳ್ಳುತ್ತಾರೆ, ಅದು ಇಂಟೆಲ್ ಮ್ಯಾಕ್‌ಗೆ ಬರೆದ ಪ್ರೋಗ್ರಾಂಗಳನ್ನು ಹೊಸ ಮ್ಯಾಕ್‌ನಲ್ಲಿ ಓಡಿಸುತ್ತದೆ ಅಷ್ಟೇ, ವಿಂಡೋಸ್ ಪ್ರೋಗ್ರಾಂಗೂ ಅದಕ್ಕೂ ಸಂಬಂಧವಿಲ್ಲ. ವೈನ್, ಕ್ರಾಸ್‌ಓವರ್ ಅಂತ ವಿಂಡೋಸ್ ಇಲ್ಲದೆಯೇ ಓಡಿಸುವ ದಾರಿಯೂ ಇದೆ. ಆಟಗಳಿಗೆ ಸರಿ. ಮಂದಿಯ ರೊಕ್ಕದ ಲೆಕ್ಕವನ್ನು ಅದರ ಮೇಲೆ ಇಡುವಷ್ಟು ಧೈರ್ಯ ನನಗಿಲ್ಲ.

ಹಾಗಾಗಿ ಉಳಿದಿದ್ದು ಮ್ಯಾಕ್ ಒಳಗೇ ಇನ್ನೊಂದು ವಿಂಡೋಸ್ ಕೂರಿಸುವುದು. ಅದನ್ನು ಮಾಡಿಕೊಡುವ ಸಾಫ್ಟ್‌ವೇರ್‌ಗಳಿವೆ. ಪ್ಯಾರಲಲ್ಸ್‌ಗೆ ದುಡ್ಡು ಕೊಡಬೇಕು, ಆದರೆ ವಿಂಡೋಸ್ ಇಳಿಸಿಕೊಳ್ಳುವುದರಿಂದ ಹಿಡಿದು ಎಲ್ಲವನ್ನೂ ಅದೇ ಮಾಡಿಕೊಡುತ್ತದೆ. ವಿಎಂವೇರ್ ಫ್ಯೂಷನ್ 2024ರ ನವೆಂಬರ್‌ನಿಂದ ಎಲ್ಲರಿಗೂ ಫ್ರೀ, ವ್ಯಾಪಾರದ ಕೆಲಸಕ್ಕೂ. ಯುಟಿಎಂ ಕೂಡ ಫ್ರೀ. ಇವು ಫ್ರೀ ಅಂದ ಮಾತ್ರಕ್ಕೆ ಒಳಗಿನ ವಿಂಡೋಸ್ ಫ್ರೀ ಅಲ್ಲ, ಅದರ ಲೈಸೆನ್ಸ್ ಬೇರೆ ತಗೊಳ್ಳಬೇಕು. ಅದೂ ಮಾಮೂಲಿ ವಿಂಡೋಸ್ ಅಲ್ಲ, ಆರ್ಮ್ ಚಿಪ್‌ಗೆ ಮಾಡಿದ ವಿಂಡೋಸ್ 11. ಇಂಟೆಲ್‌ಗೆ ಬರೆದ ಟ್ಯಾಲಿಯನ್ನು ಅದು ಒಳಗೊಳಗೇ ಅನುವಾದ ಮಾಡಿಕೊಂಡು ಓಡಿಸುತ್ತದೆ. ಟ್ಯಾಲಿ ಹಗುರವಾದ ಪ್ರೋಗ್ರಾಂ, ನಿಧಾನ ಅನ್ನಿಸುವುದೇ ಇಲ್ಲ. ಜಾಗ ಮಾತ್ರ ನೋಡಿಕೊಳ್ಳಿ. ವಿಂಡೋಸ್ 11ಕ್ಕೆ 64 ಜಿಬಿ ಡಿಸ್ಕ್, 4 ಜಿಬಿ ರ್‍ಯಾಮ್ ಕನಿಷ್ಠ ಬೇಕು, ನಿಮ್ಮದು 8 ಜಿಬಿ ಮ್ಯಾಕ್ ಆದರೆ ಕ್ರೋಮ್‌ನಲ್ಲಿ ಹತ್ತಾರು ಟ್ಯಾಬ್ ತೆರೆದಿಡುವ ಚಟ ಬಿಡಬೇಕು.

ಈಗ ಕೀಬೋರ್ಡ್‌ಗೆ ಬರೋಣ. ಟ್ಯಾಲಿ ಗೊತ್ತಿರುವವರು ಮೌಸ್ ಮುಟ್ಟುವುದಿಲ್ಲ. ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್8 ಸೇಲ್ಸ್, ಎಫ್9 ಪರ್ಚೇಸ್, ಇವು ಬೆರಳಿಗೇ ಗೊತ್ತು, ತಲೆಗಲ್ಲ. ಮ್ಯಾಕ್‌ಬುಕ್ ಏರ್‌ನಲ್ಲಿ ಅದೇ ಎಫ್8 ಅಂದರೆ ಹಾಡು ಶುರು ಮಾಡುವ, ನಿಲ್ಲಿಸುವ ಗುಂಡಿ. ಒಂದು ಅಂಗಡಿಯಲ್ಲಿ ಸೇಲ್ಸ್ ಬಿಲ್ ಹಾಕೋಣ ಅಂತ ಎಫ್8 ಒತ್ತಿದರೆ, ನಾನು ಅರ್ಧಕ್ಕೆ ನಿಲ್ಲಿಸಿಟ್ಟಿದ್ದ ಯೂಟ್ಯೂಬ್ ಕಾಮಿಡಿ ಜೋರಾಗಿ ಶುರುವಾಯಿತು. ಸಾವಕಾರರು ಫೋನಿನಲ್ಲಿ ರೇಟು ಮಾತಾಡುತ್ತಿದ್ದವರು ಕೈ ಅಡ್ಡ ಇಟ್ಟುಕೊಂಡು, "ಏ ತಮ್ಮಾ, ಮೊದ್ಲ ಬಿಲ್ ಮಾಡೋ" ಅಂದರು.

ಇದಕ್ಕೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್, ಅದರಲ್ಲಿ ಕೀಬೋರ್ಡ್ ಶಾರ್ಟ್‌ಕಟ್ಸ್, ಅದರಲ್ಲಿ ಫಂಕ್ಷನ್ ಕೀಸ್‌ಗೆ ಹೋಗಿ ಎಫ್1, ಎಫ್2 ಇತ್ಯಾದಿಗಳನ್ನು ಮಾಮೂಲಿ ಫಂಕ್ಷನ್ ಕೀಗಳಾಗಿ ಬಳಸುವ ಆಯ್ಕೆ ಆನ್ ಮಾಡಬೇಕು. ಮುಗಿಯಿತು ಅಂದುಕೊಂಡರೆ ಎಫ್11 ಕಾಡುತ್ತದೆ. ಟ್ಯಾಲಿಯಲ್ಲಿ ಎಫ್11 ಕಂಪನಿ ಫೀಚರ್ಸ್, ಮ್ಯಾಕ್‌ನಲ್ಲಿ ಎಲ್ಲ ಕಿಟಕಿ ಪಕ್ಕಕ್ಕೆ ಸರಿಸಿ ಡೆಸ್ಕ್‌ಟಾಪ್ ತೋರಿಸುವುದು. ಅದನ್ನು ಅದೇ ಶಾರ್ಟ್‌ಕಟ್ಸ್ ಪಟ್ಟಿಯ ಮಿಷನ್ ಕಂಟ್ರೋಲ್‌ನಲ್ಲಿ ಟಿಕ್ ತೆಗೆದು ನಿಲ್ಲಿಸಿ. ದಿನಪೂರ್ತಿ ಎಂಟ್ರಿ ಹಾಕುವವರಾದರೆ ನಂಬರ್‌ಪ್ಯಾಡ್ ಇರುವ ಯುಎಸ್‌ಬಿ ಕೀಬೋರ್ಡ್ ಒಂದು ಸುಮ್ನೆ ತಗೊಂಡುಬಿಡಿ.

ಪ್ರಿಂಟರ್‌ನಂಥ ಸಾಧನಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಡ್ರೈವರ್‌ಗಳದ್ದು ಇನ್ನೂ ದೊಡ್ಡ ಕಥೆ. ಆರ್ಮ್ ವಿಂಡೋಸ್ ಪ್ರೋಗ್ರಾಂಗಳನ್ನು ಅನುವಾದ ಮಾಡಿಕೊಳ್ಳುತ್ತದೆ, ಡ್ರೈವರ್‌ಗಳನ್ನಲ್ಲ. ಡ್ರೈವರ್ ಆರ್ಮ್‌ಗೇ ಬರೆದದ್ದು ಇರಬೇಕು. ಗಂಜ್‌ನಲ್ಲಿ ಇನ್ನೂ ಕಾರ್ಬನ್ ಪ್ರತಿ ಬರುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳೇ ಕಿರ್ರ್ ಅನ್ನುತ್ತಿವೆ. ಹಳೆಯ ಡ್ರೈವರ್ ಸಿಡಿ ಹುಡುಕಿ ತಂದರೂ ಪ್ರಯೋಜನವಿಲ್ಲ. ನಾನು ಪಿಡಿಎಫ್ ಮಾಡಿ ವಾಟ್ಸಾಪ್‌ಗೆ ಹಾಕುತ್ತೇನೆ, ಅಂಗಡಿಯ ಕಂಪ್ಯೂಟರ್‌ನಿಂದ ಪ್ರಿಂಟ್ ತೆಗೆಯುತ್ತಾರೆ. ಡಿಜಿಟಲ್ ಸಹಿಯ ಟೋಕನ್‌ಗೂ ಇದೇ ಸಮಸ್ಯೆ ಬರಬಹುದು, ಆದರೆ ಜಿಎಸ್‌ಟಿ ರಿಟರ್ನ್‌ಗೆ ಅದು ಕಡ್ಡಾಯ ಇರುವುದು ಕಂಪನಿ ಮತ್ತು ಎಲ್‌ಎಲ್‌ಪಿಗಳಿಗೆ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ). ಒಬ್ಬರೇ ಮಾಲೀಕರಿರುವ ಅಂಗಡಿಗೆ ಓಟಿಪಿ ಸಾಕು. ಗಂಜ್‌ನ ನನ್ನ ಗಿರಾಕಿಗಳು ಹೆಚ್ಚಿನವರು ಅಂಥವರೇ, ಬಚಾವಾದೆ.

ಲೈಸೆನ್ಸ್ ಬಗ್ಗೆ ಒಂದೇ ಮಾತು. ಟ್ಯಾಲಿ ಲೈಸೆನ್ಸ್ ಆಕ್ಟಿವೇಟ್ ಮಾಡಿದ ಕಂಪ್ಯೂಟರ್‌ಗೆ ಅಂಟಿಕೊಂಡಿರುತ್ತದೆ. ಒಳಗಿನ ವಿಂಡೋಸ್ ಅಳಿಸುವ ಮೊದಲು ಟ್ಯಾಲಿಯಲ್ಲಿ ಲೈಸೆನ್ಸ್ ಸರೆಂಡರ್ ಮಾಡಿ. 11ನೇ ತಾರೀಖು ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್) ಹಾಕುವ ದಿನ ಇದನ್ನು ಪರೀಕ್ಷೆ ಮಾಡಲು ಹೋಗಬೇಡಿ. ಡೇಟಾ ವಿಂಡೋಸ್‌ನ ಸಿ ಡ್ರೈವ್‌ನಲ್ಲೇ ಇರಲಿ, ಬ್ಯಾಕಪ್ ಮಾತ್ರ ಮ್ಯಾಕ್ ಫೋಲ್ಡರ್‌ಗೆ ಬೀಳಲಿ.

ಬಿಸಿಲಿನದ್ದೂ ಹೇಳಬೇಕು. ಏರ್‌ನಲ್ಲಿ ಫ್ಯಾನ್ ಇಲ್ಲ. ಮೇ ತಿಂಗಳಲ್ಲಿ ನಮ್ಮೂರು 40 ಡಿಗ್ರಿ ದಾಟಿದಾಗ, ತಗಡಿನ ಶೆಡ್ ಕೆಳಗೆ ಎರಡೆರಡು ಸಿಸ್ಟಮ್ ಓಡಿಸಿದರೆ ಬಿಸಿ ತಡೆಯಲಾರದೆ ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಕರೆಂಟು ಹೋದಾಗ ಮಾತ್ರ ಇದರ ಬ್ಯಾಟರಿಗೆ ಕೈ ಮುಗಿಯಬೇಕು.

ಟ್ಯಾಲಿಗಾಗಿಯೇ ಮ್ಯಾಕ್ ತಗೊಳ್ಳುತ್ತೇನೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಆಗಲೇ ಇದ್ದು, ಅಂಗಡಿಯಲ್ಲಿ ಒಂದು ವಿಂಡೋಸ್ ಕಂಪ್ಯೂಟರ್ ಕೂಡ ಇದ್ದರೆ, ಎಲ್ಲಕ್ಕಿಂತ ಅಗ್ಗದ ದಾರಿ ಮನೆಯಿಂದಲೇ ಅದಕ್ಕೆ ಕನೆಕ್ಟ್ ಆಗುವುದು. ಮೈಕ್ರೋಸಾಫ್ಟ್‌ನದ್ದೇ ವಿಂಡೋಸ್ ಆಪ್ ಅಂತ ಮ್ಯಾಕ್‌ಗೆ ಸಿಗುತ್ತದೆ, ಆದರೆ ಆ ಕಡೆ ವಿಂಡೋಸ್ ಪ್ರೊ ಇರಬೇಕು, ಹೋಮ್ ಆದರೆ ಒಳಗೆ ಬಿಡುವುದಿಲ್ಲ. ಅದಕ್ಕಾದರೆ ಎನಿಡೆಸ್ಕ್ ಇದೆ. ಪ್ರಿಂಟರ್, ಟೋಕನ್, ಲೈಸೆನ್ಸ್ ಎಲ್ಲ ಇದ್ದಲ್ಲೇ ಇರುತ್ತವೆ. ತೊಂದರೆ ಒಂದೇ, ರಾತ್ರಿ ಅಂಗಡಿ ಮುಚ್ಚುವಾಗ ಮುನೀಮರು ಮೇನ್ ಸ್ವಿಚ್ ಕೆಳಗೆ ಎಳೆದು ಹೋಗುತ್ತಾರೆ. ಸ್ವಿಚ್ ಮೇಲೆ ಚೀಟಿ ಅಂಟಿಸಿದ್ದೇನೆ, ಜಿಎಸ್‌ಟಿ ರಿಟರ್ನ್ ಮುಗಿಯುವ 20ನೇ ತಾರೀಖಿನವರೆಗೆ ಮುಟ್ಟಬೇಡಿ ಅಂತ.