ಎರಡು ಬೈಟು ಜರುಗಿದ ಅರೇ

ಉಡುಪಿಯಲ್ಲಿ ಜುಲೈ ಮಳೆ ಹೊಯ್ಯುತ್ತಿದ್ದ ದಿನ. ಮಳೆ ಅಳೆಯಬೇಕಾದ ಬೋರ್ಡು ಮಾತ್ರ ಮೊದಲ ಅಳತೆ ಬರೆಯುವಷ್ಟರಲ್ಲಿ ಹಾರ್ಡ್‌ಫಾಲ್ಟ್‌ಗೆ (ಪ್ರೊಸೆಸರ್ ತಪ್ಪು ಕಂಡು ನಿಂತುಬಿಡುವ ಸ್ಥಿತಿಗೆ) ಹೋಗಿ ಕೂರುತ್ತಿತ್ತು. ಅದೇ ಸಿ ಕೋಡ್ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡುತ್ತಿತ್ತು. "ಕೋಡಿಗೆ ಎಂತ ಆಗ್ಲಿಲ್ಲ ಮಾರಾಯ್ರೆ, ಬೋರ್ಡೇ ಹೋಗಿದೆ" ಎಂದು ಪಕ್ಕದ ಮೇಜಿನ ತೀರ್ಪು. ವಯರು, ಅಡಾಪ್ಟರ್ ಎಲ್ಲ ಬದಲಾಯಿಸಿಯೂ ಆಯಿತು.

ತಪ್ಪು ಇದ್ದದ್ದು ಡೈನಾಮಿಕ್ ಅರೇ (ಕೋಡ್ ಓಡುವಾಗ ಜಾಗ ಪಡೆಯುವ ಮೌಲ್ಯಗಳ ಸಾಲು) ಕಟ್ಟಿದ ರೀತಿಯಲ್ಲಿ. ಮೆಮೊರಿ ಕೊಡುವ ಫಂಕ್ಷನ್ ಮಾಲಾಕ್. ಅದು ಕೊಟ್ಟ ಜಾಗದ ಮೊದಲ 2 ಬೈಟಿನಲ್ಲಿ ಅಂಶಗಳ ಎಣಿಕೆ, ಅದರ ಬೆನ್ನಿಗೇ ಫ್ಲೋಟ್‌ಗಳು (4 ಬೈಟಿನ ದಶಮಾಂಶ ಸಂಖ್ಯೆಗಳು). ಮಾಲಾಕ್ 1000ದ ವಿಳಾಸ ಕೊಟ್ಟಿತು ಎಂದುಕೊಳ್ಳಿ: ಫ್ಲೋಟ್‌ಗಳು 1002, 1006, 1010ರಲ್ಲಿ ಕೂತವು. ಫ್ಲೋಟ್‌ಗೆ 4ರಿಂದ ಭಾಗವಾಗುವ ವಿಳಾಸ ಬೇಕು. ಅರೇಯ ಅಂಶಗಳ ನಡುವೆ ಖಾಲಿ ಜಾಗ ಇರುವುದಿಲ್ಲ, ಹಾಗಾಗಿ ಮೊದಲನೆಯದು ಜರುಗಿದರೆ ಸಾಲಿಗೆ ಸಾಲೇ ಜರುಗಿತು. ಮಾಲಾಕ್‌ನದ್ದು ಇದರಲ್ಲಿ ತಪ್ಪಿಲ್ಲ. ಅದು ಸರಿಯಾದ ವಿಳಾಸವನ್ನೇ ಕೊಟ್ಟಿತ್ತು, 2 ಕೂಡಿಸಿ ಕೆಡಿಸಿದ್ದು ನಾವು.

ಲ್ಯಾಪ್‌ಟಾಪಿನ ಎಕ್ಸ್86 ಪ್ರೊಸೆಸರ್ ಇಂಥ ಓದು-ಬರಹವನ್ನು ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಬೋರ್ಡಿನ ಕಾರ್ಟೆಕ್ಸ್ ಎಂ0 ಪ್ರೊಸೆಸರ್ ಸಹಿಸುವುದಿಲ್ಲ. ಹಾಗೆಂದು ಎಕ್ಸ್86ರಲ್ಲಿ ಅದು ಸರಿ ಎಂದಲ್ಲ: ಸಿ ಭಾಷೆಯ ಮಟ್ಟಿಗೆ ಅಲ್ಲೂ ಅನ್‌ಡಿಫೈನ್ಡ್ ಬಿಹೇವಿಯರ್ (ಏನಾಗಬೇಕೆಂದು ಭಾಷೆಯೇ ಹೇಳದ ನಡೆ), ಕಂಪೈಲರಿನ ಆಪ್ಟಿಮೈಸೇಷನ್ ಏರಿಸಿದ ದಿನ ಅಲ್ಲೂ ಬೀಳಬಹುದು. ಜಿಸಿಸಿ ಕಂಪೈಲರಿನ ಅಲೈನ್‌ಮೆಂಟ್ ಸ್ಯಾನಿಟೈಜರ್ (ಹೀಗೆ ಜರುಗಿದ ವಿಳಾಸ ಹಿಡಿಯುವ ತಪಾಸಣೆ) ಹಾಕಿ ಲ್ಯಾಪ್‌ಟಾಪಿನಲ್ಲೇ ಓಡಿಸಿದ್ದರೆ ತಪ್ಪಿದ ಸಾಲನ್ನು ಅದೇ ತೋರಿಸುತ್ತಿತ್ತು. ನಾವು ಅದನ್ನು ಹಾಕಿದ್ದು ಮಧ್ಯಾಹ್ನ ಕಳೆದ ಮೇಲೆ.

ಎಣಿಕೆ, ಫ್ಲೋಟ್‌ಗಳನ್ನು ಒಂದು ಸ್ಟ್ರಕ್ಟ್ (ಹಲವು ಸದಸ್ಯರ ಕಟ್ಟು) ಮಾಡಿ, ನಡುವೆ ಖಾಲಿ ಬಿಡದ ಪ್ಯಾಕ್ಡ್ ಎಂದು ಗುರುತು ಹಾಕಿದರೆ ಸಾಕು ಎಂದು ಒಬ್ಬರ ಸಲಹೆ. ಬೇಡ. ಒಳಗಿನ ಸದಸ್ಯನ ಪಾಯಿಂಟರ್ (ವಿಳಾಸ) ಹಿಡಿದು ಬೇರೆ ಫಂಕ್ಷನ್‌ಗೆ ಕೊಟ್ಟೊಡನೆ ಅದೇ ರೋಗ ಮರಳುತ್ತದೆ. ಸ್ಟ್ರಕ್ಟ್ ಒಳಗೆ ಎಣಿಕೆ, ಕೊನೆಗೆ ಅಳತೆ ಬರೆಯದ ಫ್ಲೋಟ್ ಅರೇ ಇಡಿ. ಸಿ99ರಿಂದ ಇರುವ ಫ್ಲೆಕ್ಸಿಬಲ್ ಅರೇ ಮೆಂಬರ್ ಇದೇ. ಎಣಿಕೆಯ ನಂತರ 2 ಬೈಟು ಪ್ಯಾಡಿಂಗ್ (ಖಾಲಿ ಜಾಗ) ಕಂಪೈಲರೇ ತುಂಬುತ್ತದೆ. ಮಾಲಾಕ್‌ಗೆ ಕೇಳಬೇಕಾದದ್ದು ಸ್ಟ್ರಕ್ಟ್‌ನ ಸೈಜಾಫ್ (ಬೈಟುಗಳಲ್ಲಿ ಗಾತ್ರ), ಜತೆಗೆ ಅಂಶಗಳ ಸಂಖ್ಯೆ ಗುಣಿಸು ಫ್ಲೋಟ್‌ನ ಸೈಜಾಫ್.

ಅದೇ ಕೈಯಲ್ಲಿ ದಾಖಲೆಯ ಸ್ಟ್ರಕ್ಟನ್ನೂ ತಿದ್ದಿದೆವು. ಚಾನೆಲ್ 1 ಬೈಟು, ಸಮಯ 4, ಸ್ಥಿತಿ 1, ಈ ಕ್ರಮದಲ್ಲಿ ಒಂದು ದಾಖಲೆಗೆ 12 ಬೈಟು. ಸಮಯವನ್ನು ಮೇಲೆ ತಂದರೆ 8. ಕೊನೆಯ 2 ಬೈಟು ಪ್ಯಾಡಿಂಗ್ ಹೋಗುವುದಿಲ್ಲ, ಅರೇಯ ಮುಂದಿನ ದಾಖಲೆ ಸರಿಯಾದ ವಿಳಾಸದಲ್ಲಿ ಶುರುವಾಗಲು ಅದು ಬೇಕು. 1000 ದಾಖಲೆಗೆ 4000 ಬೈಟು ಉಳಿತಾಯ. 16 ಕೆಬಿ ರಾಮ್ ಇರುವ ಬೋರ್ಡಿನಲ್ಲಿ ಅದು ದೊಡ್ಡ ಮಾತು.

ಸರ್ವರ್ ಕಡೆ ಎವಿಎಕ್ಸ್ (ಒಮ್ಮೆಗೇ ಹಲವು ಸಂಖ್ಯೆ ನಡೆಸುವ ಎಕ್ಸ್86 ಸೂಚನೆಗಳು) ಬಳಸುವವರ ಗೋಳು ಬೇರೆ. ಅಲೈನ್ಡ್ ಲೋಡ್‌ಗೆ 32ರಿಂದ ಭಾಗವಾಗುವ ವಿಳಾಸ ಬೇಕು, 64 ಬಿಟ್ ಲಿನಕ್ಸ್‌ನ ಸಿ ಲೈಬ್ರರಿ ಗ್ಲಿಬ್‌ಸಿಯ ಮಾಲಾಕ್‌ನ ಭರವಸೆ 16ರ ತನಕ. ಅಲ್ಲಿಗೆ ಬೇಕಾದದ್ದು, ಕೇಳಿದ ಸಂಖ್ಯೆಯಿಂದ ಭಾಗವಾಗುವ ವಿಳಾಸ ಕೊಡುವ ಅಲೈನ್ಡ್ ಅಲಾಕ್. 100 ಫ್ಲೋಟ್‌ನ 400 ಬೈಟನ್ನು 32ರಿಂದ ಭಾಗವಾಗುವ 416ಕ್ಕೆ ಏರಿಸಿ ಕೇಳಿ. ಅರೇ ಹಿಗ್ಗಿಸಲು ರಿಯಲಾಕ್ ಕರೆದರೆ ಆ 32ರ ಖಾತ್ರಿ ಹೋಯಿತು. ಹೊಸ ಜಾಗ ಪಡೆದು, ಮೆಮ್‌ಕಾಪಿ ಮಾಡಿ, ಹಳೆಯದನ್ನು ಫ್ರೀ ಮಾಡಬೇಕು.

ಸಂಜೆ ಬೋರ್ಡು ಅಳತೆ ಬರೆಯತೊಡಗಿತು. ಅಷ್ಟು ಹೊತ್ತಿಗೆ ಮಳೆ ಬಿಟ್ಟಿತ್ತು.