ಒಂದಕ್ಕೊಂದು ಸಂಬಂಧಾನ ಇಲ್ದ ಎರಡು ಕಾರು

ಬಳ್ಳಾರ್ಯಾಗ ಎರಡು ಸ್ಪೋರ್ಟ್ಸ್ ಕಾರ್ ಇಟ್ಕೊಂಡೀನಿ ಅಂದ್ರ ಜನ ಮೊದ್ಲು ಕೇಳೋದು ಮೈನ್ಸ್ ಅದಾವೇನು ಅಂತ. ಇಲ್ರಪ, ಜೀನ್ಸ್ ಹೊಲಿಯೋ ಯೂನಿಟ್ ಐತಿ ಅಷ್ಟ, ಗಾಡಿ ಎರಡೂ ಸೆಕೆಂಡ್ ಹ್ಯಾಂಡು. ಒಂದು ಫೋರ್ಡ್ ಮಸ್ಟಾಂಗ್ ಜಿಟಿ, ಇನ್ನೊಂದು ಪೋರ್ಷೆ ಬಾಕ್ಸ್‌ಸ್ಟರ್, ಬಟ್ಟೆ ಟಾಪ್ ತೆಗಿಯೋ ಎರಡು ಸೀಟಿಂದು, 718 ಅನ್ನೋ ಮಾಡೆಲ್ ಬರೋಕ್ಕಿಂತ ಮುಂಚಿನ 981.

ಎರಡ್ಯಾಕ ಅನ್ನೋದು ಮುಂದಿನ ಪ್ರಶ್ನೆ. ನನ್ನ ಲೆಕ್ಕ ಇಷ್ಟ: ಎರಡು ಇಡೋದಾದ್ರ ಒಂದಕ್ಕೊಂದು ಸಂಬಂಧ ಇರಬಾರ್ದು. ಒಂದೇ ಥರದವು ಎರಡು ತಗೊಂಡ್ರ ಯಾವ್ದೋ ಒಂದು ಸ್ವಲ್ಪ ಚೆಂದ ಓಡ್ತೈತಿ, ಕೈ ಅದ್ರ ಕೀಗೇ ಹೋಗ್ತೈತಿ, ಇನ್ನೊಂದು ಕವರ್ ಹೊದ್ಕೊಂಡು ಶೆಡ್ಡಾಗ ಕುಂತಿರ್ತೈತಿ. ಗೊತ್ತಿರೋರೊಬ್ರು ಒಂದು ಪೋರ್ಷೆ ಕೇಮನ್ ಐತಿ ತಗೋ ಅಂತ ಬೆನ್ನು ಹತ್ತಿದ್ರು, ಬಾಕ್ಸ್‌ಸ್ಟರ್ ಪಕ್ಕ ಕೇಮನ್ ಯಾಕ ಬೇಕ್ರೀ, ಅದ ಗಾಡಿಗೆ ಗಟ್ಟಿ ಟಾಪ್ ಹಾಕ್ದಂಗ ಅದು.

ಮಸ್ಟಾಂಗ್ ಅಂದ್ರ ಮುಂದ 5 ಲೀಟರಿನ ವಿ8 (ಎಂಟು ಸಿಲಿಂಡರ್) ಇಂಜಿನ್ನು, 515 ನ್ಯೂಟನ್ ಮೀಟರ್ ಟಾರ್ಕು, ಹಿಂದಿನ ಗಾಲಿಗೆ ಪವರ್ರು. ಇಂಡಿಯಾಕ್ಕ ಬಂದಿದ್ದು 2016ರಾಗ, ಕಂಪನೀನ ಸ್ಟೀರಿಂಗ್ ಬಲಗಡೆ ಕೊಟ್ಟು ಮಾಡಿದ ಮೊದಲ ಮಸ್ಟಾಂಗ್ ತಲೆಮಾರು ಅದ. ಭಾರ ಗಾಡಿ, ತಿರುವಿನಾಗ ಅವಸರ ಮಾಡಂಗಿಲ್ಲ, ಮೂತಿ ತಿರುಗೋ ತನಕ ಕಾಯ್ಬೇಕು, ಆಮೇಲೆ ಮೆಲ್ಲಕ ಆಕ್ಸಿಲರೇಟರ್ ಒತ್ಕೋತ ಹೋಗ್ಬೇಕು. ತೋರಣಗಲ್ಲಿಂದ ಸಂಡೂರು ಕಡೆ ಹೊಳ್ಳಿದ್ರ ಅದಿರು ಲಾರಿಯಿಂದ ಉದುರಿದ ಕೆಂಪು ಪುಡಿ ರೋಡ್ ಮ್ಯಾಲೆ ಸಣ್ಣಗ ಹರಡಿರ್ತೈತಿ, ಅಲ್ಲಿ ಸ್ವಲ್ಪ ಜಾಸ್ತಿ ಒತ್ತಿದ್ರೂ ಗಾಲಿ ಜಾರ್ತೈತಿ ಅಂತ ಹೇಳೋ ಟ್ರ್ಯಾಕ್ಷನ್ ಲೈಟ್ ಪಿಳಿಪಿಳಿ ಅಂತೈತಿ. ಇದ್ರ ಜಾಗ ಹೈವೇ. ಹೊಸಪೇಟೆ ಡ್ಯಾಂ ಹತ್ರ ಎನ್‌ಹೆಚ್ 50ರ ಟನೆಲ್ ಐತಲ್ಲ, ಅದ್ರಾಗ ಕಿಟಕಿ ಇಳಿಸಿ ಎರಡು ಗೇರ್ ಕಡಿಮಿ ಮಾಡಿ ಹೊಂಟ್ರ ಆ ಸೌಂಡಿಗೆ ಕೊಟ್ಟ ರೊಕ್ಕ ಎಲ್ಲಾ ಮರ್ತು ಹೋಗ್ತೈತಿ.

ಬಾಕ್ಸ್‌ಸ್ಟರ್ ಬ್ಯಾರೇನ ಜಾತಿ. 2.7 ಲೀಟರು, ಆರು ಸಿಲಿಂಡರ್, ಟರ್ಬೋ ಇಲ್ಲ, 265 ಹಾರ್ಸ್ ಪವರ್, ಕಾಗದದ ಮ್ಯಾಲೆ ಮಸ್ಟಾಂಗ್ ಮುಂದ ಬಡವ. ಆದ್ರ ಸಿಲಿಂಡರ್ ಎಲ್ಲಾ ನೆಲಕ್ಕ ಅಡ್ಡ ಮಲಗ್ಸಿದಾವ, ಇಂಜಿನ್ ಸೀಟಿನ ಬೆನ್ನ ಹಿಂದ, ಹಿಂದಿನ ಗಾಲಿಗಿಂತ ಮುಂದ ಕುಂತಿರ್ತೈತಿ, ಅದಕ್ಕ ಗಾಡಿ ನಿಮ್ಮ ಸೊಂಟದ ಸುತ್ತಲೇ ತಿರುಗ್ದಂಗ ಅನಿಸ್ತೈತಿ. ಸಂಡೂರು ಗುಡ್ಡದ ತಿರುವಿನಾಗ 60ರಾಗ ಹೋದ್ರೂ ಸಾಕು ಖುಷಿಗೆ. ತಿರುವಿನ ನಡುವ ಗಾಬರಿಯಾಗಿ ಆಕ್ಸಿಲರೇಟರಿನಿಂದ ಕಾಲು ಎತ್ತಬಾರ್ದು ಅಷ್ಟ, ಹಿಂಭಾಗ ಜಾರೋಕೆ ನೋಡ್ತೈತಿ.

ಮಜಾ ಅಂದ್ರ ಪೆಟ್ರೋಲ್ ಬಂಕಿನಾಗ ಹುಡುಗ್ರು ಬಂದು ಅಣ್ಣಾ ಇಂಜಿನ್ ತೋರ್ಸಣ್ಣಾ ಅಂತಾರ. ಮುಂದ ತೆಗೆದ್ರ ಬ್ಯಾಗಿಡೋ ಡಿಕ್ಕಿ, ಹಿಂದ ತೆಗೆದ್ರ ಅದೂ ಡಿಕ್ಕಿ, ಅಲ್ಲಿ ಆಯಿಲ್ಲು ಕೂಲೆಂಟ್ ಹಾಕೋ ಮುಚ್ಚಳ ಎರಡು ಬಿಟ್ರ ಏನೂ ಕಾಣಂಗಿಲ್ಲ. ಒಬ್ಬ ಅಂತೂ ಎಲೆಕ್ಟ್ರಿಕ್ ಗಾಡಿ ಬಿಡ್ರಲೇ ಇದು ಅಂದು ಹೋದ.

ಕಷ್ಟ ಇರೋದು ಇಟ್ಕೊಳ್ಳೋದ್ರಾಗ. ನಮ್ಮ ಬ್ಯಾಸಿಗಿ ಗೊತ್ತಲ್ಲ, 42 ಡಿಗ್ರಿ ಅನ್ನೋದು ಇಲ್ಲಿ ಸುದ್ದೀನ ಅಲ್ಲ, ಟಾಪ್ ತೆಗ್ದು ಓಡ್ಸೋದು ಅಂದ್ರ ಡಿಸೆಂಬರ್ ಜನವರಿ ಮುಂಜಾನೆ, ಉಳಿದ ದಿನ ಆ ಬಟ್ಟೆ ಟಾಪಿನಾಗ ಕೂತ ಕೆಂಪು ಧೂಳು ಮೆತ್ತನ ಬ್ರಶ್ಶಿಲೆ ಬಿಡಿಸ್ಕೋತ ಕೂಡೋದ. ಏರ್ ಫಿಲ್ಟರ್ ಕಂಪನಿ ಬುಕ್ಕಿನಾಗ ಬರೆದಷ್ಟು ದಿನ ಬರಂಗಿಲ್ಲ. ಎರಡು ಗಾಡಿ ಅಂದ್ಮೇಲೆ ಒಂದು ಯಾವಾಗ್ಲೂ ನಿಂತ ಇರ್ತೈತಿ, ನಿಂತ ಗಾಡಿ ಓಡೋ ಗಾಡಿಗಿಂತ ಜಾಸ್ತಿ ಕೆಡ್ತೈತಿ. ಟೈರ್ ಸವೆದಿರಂಗಿಲ್ಲ, ವಯಸ್ಸಾಗಿರ್ತೈತಿ (ಸೈಡಿಗೆ ನಾಲ್ಕು ಅಂಕಿ ಇರ್ತಾವ, 2319 ಅಂದ್ರ 2019ರ 23ನೇ ವಾರದ್ದು, ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಮೊದ್ಲು ಇದ ನೋಡ್ರಿ). ಎಥೆನಾಲ್ ಸೇರಿದ ಪೆಟ್ರೋಲ್ ಗಾಳಿಯಾಗಿನ ನೀರಂಶ ಎಳ್ಕೋತೈತಿ, ಹಳೇ ಪೆಟ್ರೋಲ್ ತಿಂಗಳಗಟ್ಟಲೆ ಟ್ಯಾಂಕಿನಾಗ ಬಿಡಬ್ಯಾಡ್ರಿ. ಇನ್ನ ಬ್ಯಾಟರಿ. ಬಾಕ್ಸ್‌ಸ್ಟರ್ ಬ್ಯಾಟರಿ ಇರೋದು ಮುಂದಿನ ಡಿಕ್ಕ್ಯಾಗ, ಆ ಡಿಕ್ಕಿ ತೆಗಿಯೋದು ಕರೆಂಟಿನ ಸ್ವಿಚ್ಚಿಲೆ, ಬ್ಯಾಟರಿ ಸತ್ರ ಡಿಕ್ಕಿ ತೆಗಿಯಂಗಿಲ್ಲ, ಡಿಕ್ಕಿ ತೆಗೀದ ಬ್ಯಾಟರಿ ಸಿಗಂಗಿಲ್ಲ! ಫ್ಯೂಸ್ ಬಾಕ್ಸಿನಾಗ ಒಂದು ಕೆಂಪು ಟರ್ಮಿನಲ್ ಹೊರಗ ಎಳೆದು, ಬ್ಯಾರೆ ಬ್ಯಾಟರಿಯಿಂದ ಅಲ್ಲಿ ಕರೆಂಟ್ ಕೊಟ್ರ ತೆಗೀತೈತಿ. ಈಗ ಶೆಡ್ಡಾಗ ಚಾರ್ಜರ್ ಹಾಕೇ ಇಟ್ಟಿರ್ತೀನಿ.

ಟ್ಯಾಕ್ಸ್ ಬಗ್ಗೆ ಜಾಸ್ತಿ ಮಾತು ಬ್ಯಾಡ. 20 ಲಕ್ಷ ದಾಟಿದ ಗಾಡಿಗೆ ನಮ್ಮ ರಾಜ್ಯದಾಗ ಲೈಫ್‌ಟೈಮ್ ಟ್ಯಾಕ್ಸ್ 18 ಪರ್ಸೆಂಟ್, ಮ್ಯಾಲೆ ಸೆಸ್ಸು. ಹೊರ ರಾಜ್ಯದ ಗಾಡಿ ಅಗ್ಗ ಅಂತ ತಂದು ಕೆಎ 34 (ಬಳ್ಳಾರಿ ನಂಬರ್) ಮಾಡ್ಸೋಕೆ ಹೋದ್ರ ವಯಸ್ಸಿನ ಲೆಕ್ಕದಾಗ ಮತ್ತ ಕಟ್ಬೇಕು, ಅದನ್ನ ಕೂಡ್ಸಿಕೊಂಡೇ ರೇಟ್ ಮಾತಾಡ್ರಿ. ಇನ್ನ ಓಡ್ಸೋ ಮುಂದ, ಇಂಥಾ ಗಾಡಿ ನೆಲಕ್ಕ ಹತ್ರ ಇರ್ತಾವ, ರೋಡ್ ಹಂಪು ಬಂದ್ರ ಓರೆಯಾಗಿ, ಒಂದೊಂದೇ ಗಾಲಿ ಹತ್ತಿಸಿ ಇಳಿಸ್ರಿ, ಹಿಂದಿನ ಆಟೋದವ ಹಾರ್ನ್ ಹೊಡೀಲಿ ಬಿಡ್ರಿ.

ನನ್ನ ಎರಡೂ ಗಾಡಿ ಆಟೋಮ್ಯಾಟಿಕ್ಕು, ಅದೊಂದ ಕೊರತೆ. ಮೂರನೇದು ಅಂತ ಬಂದ್ರ ಕ್ಲಚ್ಚು ಇರ್ಬೇಕು, ಹಗುರ ಇರ್ಬೇಕು, ಸ್ಪೀಡ್ ಇಲ್ದಿದ್ರೂ ನಡೀತೈತಿ. ಸ್ಯಾನ್ ಸ್ಟಾರ್ಮ್ ನೆನಪೈತೇನ್ರಿ, ನಮ್ಮ ದೇಶದಾಗೇ ಮಾಡಿದ ಎರಡು ಸೀಟಿನ ಫೈಬರ್ ಬಾಡಿ ಗಾಡಿ, ರೆನೋದ 1.2 ಲೀಟರ್ ಇಂಜಿನ್ನಿಂದು? ಮನ್ಯಾಕಿ ಈಗಾಗ್ಲೇ ಶೆಡ್ಡಾಗ ಜಾಗ ಇಲ್ಲ ಅಂತ ಹೇಳಿಬಿಟ್ಟಾಳ, ಆದ್ರೂ ರಾಯಚೂರು ಕೊಪ್ಪಳ ಕಡೆ ಎಲ್ಲಾರ ಒಂದು ನಿಂತಿದ್ರ ತಿಳಿಸ್ರಿ, ಓಡ್ದಿದ್ರೂ ಪರವಾಗಿಲ್ಲ, ಪೇಪರ್ ಸರಿ ಇದ್ರ ಸಾಕು.