ಇಂಜೆಕ್ಷನ್ ಹತ್ತು ಸೆಕೆಂಡಿನ ಕೆಲಸ, ಉಳಿದದ್ದು ಅದರ ಹಿಂದೆ ಮುಂದೆ

ನಾನು ತಾಲ್ಲೂಕು ಆಸ್ಪತ್ರೆಯೊಂದರ ಎಮರ್ಜೆನ್ಸಿಯಲ್ಲಿ ಸ್ಟಾಫ್ ನರ್ಸ್. ನಮ್ಮಲ್ಲಿ ಕ್ಯಾಥ್ ಲ್ಯಾಬ್, ಅಂದರೆ ರಕ್ತನಾಳದೊಳಗೆ ನಳಿಕೆ ತೂರಿಸಿ ಹೃದಯಕ್ಕೆ ಚಿಕಿತ್ಸೆ ಮಾಡುವ ಕೋಣೆ, ಇಲ್ಲ. ಹಾಗೆ ಕಟ್ಟಿದ ನಾಳ ಬಿಡಿಸುವ ಆಂಜಿಯೋಪ್ಲಾಸ್ಟಿ ಮಾಡುವ ದೊಡ್ಡಾಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಎರಡು ಗಂಟೆಗೂ ಮೀರಿದ ದಾರಿ. ಹಾಗಾಗಿ ಹಾರ್ಟ್ ಅಟ್ಯಾಕ್ ಆಗಿ ಬಂದವರಿಗೆ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಇಂಜೆಕ್ಷನ್ ಕೊಟ್ಟು ಕರಗಿಸುವುದೇ ನಮ್ಮ ದಾರಿ. ಹೊಸದಾಗಿ ಡ್ಯೂಟಿಗೆ ಸೇರಿದವರಿಗೆ ನಾನು ಹೇಳಿಕೊಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ಟ್ರೆಪ್ಟೋಕೈನೇಸ್ ಕೊಡುತ್ತಿದ್ದೆವು. 15 ಲಕ್ಷ ಯೂನಿಟ್, ಹೆಚ್ಚುಕಡಿಮೆ ಒಂದು ಗಂಟೆ ಡ್ರಿಪ್ಪಿನಲ್ಲಿ ಹೋಗಬೇಕು. ನಡುವೆ ಬಿ.ಪಿ. ಇಳಿಯುತ್ತಿತ್ತು, ಡ್ರಿಪ್ ನಿಧಾನ ಮಾಡಬೇಕಾಗುತ್ತಿತ್ತು. ಈಗ ಟೆನೆಕ್ಟೆಪ್ಲೇಸ್ ಬಂದಿದೆ. ಐದರಿಂದ ಹತ್ತು ಸೆಕೆಂಡಿನಲ್ಲಿ ಒಂದೇ ಸಲ ಕೊಟ್ಟರೆ ಮುಗಿಯಿತು. ಹೊರಗೆ ಕೊಂಡರೆ ಹತ್ತಾರು ಸಾವಿರ ಆಗುವ ಔಷಧ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲೂ ಉಚಿತವಾಗಿ ಸಿಗುತ್ತಿದೆ. ಇ.ಸಿ.ಜಿ. ಇಲ್ಲಿ ತೆಗೆಯುತ್ತೇವೆ, ಅದು ದೊಡ್ಡಾಸ್ಪತ್ರೆಗೆ ಹೋಗುತ್ತದೆ, ಅಲ್ಲಿನ ಹೃದ್ರೋಗ ತಜ್ಞರು ನೋಡಿ ಹೇಳುತ್ತಾರೆ. ಇದು ನಿಜಕ್ಕೂ ದೊಡ್ಡ ಅನುಕೂಲ.

ಆದರೆ ಔಷಧ ಫ್ರಿಜ್ಜಿನಲ್ಲೋ ಕಪಾಟಿನಲ್ಲೋ ಇದ್ದಮಾತ್ರಕ್ಕೆ ಹೃದಯ ಉಳಿಯುವುದಿಲ್ಲ. ರಕ್ತ ಬರುವುದು ನಿಂತ ಅರ್ಧ ಗಂಟೆಗೆಲ್ಲ ಹೃದಯದ ಮಾಂಸ ಸಾಯಲು ಶುರುವಾಗುತ್ತದೆ. ಒಳಪದರದಿಂದ ಹೊರಪದರದ ಕಡೆಗೆ ಅದು ಹಬ್ಬುತ್ತಾ ಹೋಗುತ್ತದೆ. 12 ಗಂಟೆಯೊಳಗೆ ಬಂದವರಿಗೆ ಇಂಜೆಕ್ಷನ್ ಕೊಡುತ್ತೇವೆ ನಿಜ, ಆದರೆ ಮೊದಲ ಎರಡು ಮೂರು ಗಂಟೆಯಲ್ಲಿ ಸಿಗುವ ಲಾಭ ಆಮೇಲೆ ಸಿಗುವುದಿಲ್ಲ.

ಅದಕ್ಕೇ ಎದೆನೋವು ಅಂದವರನ್ನು ನಾವು ಚೀಟಿ ಮಾಡಿಸಿಕೊಂಡು ಬನ್ನಿ ಎಂದು ಕೌಂಟರಿಗೆ ಕಳಿಸುವುದಿಲ್ಲ. ಮೊದಲು ಮಲಗಿಸಿ ಇ.ಸಿ.ಜಿ. ತೆಗೆಯುತ್ತೇವೆ. ರೋಗಿ ಬಂದ ಹತ್ತು ನಿಮಿಷದೊಳಗೆ ಪಟ್ಟಿ ಕೈಯಲ್ಲಿರಬೇಕು. ಚೀಟಿ ಆಮೇಲೆ ಮಗನೋ ಮೈದುನನೋ ಮಾಡಿಸಿಕೊಂಡು ಬರುತ್ತಾರೆ. ಬೆವರಿ ನೆಂದ ಎದೆಯ ಮೇಲೆ ಲೀಡ್ ನಿಲ್ಲುವುದಿಲ್ಲ, ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ ಹಚ್ಚಬೇಕು. ಮೊದಲ ಇ.ಸಿ.ಜಿ. ನಾರ್ಮಲ್ ಬಂದರೂ ನೋವು ಇದೆ ಅಂತಿದ್ದರೆ ಕಾಲು ಗಂಟೆ ಬಿಟ್ಟು ಮತ್ತೆ ತೆಗೆಯಬೇಕು. ಸಕ್ಕರೆ ಕಾಯಿಲೆ ಇರುವವರು, ವಯಸ್ಸಾದ ಹೆಂಗಸರು ಎಷ್ಟೋ ಸಲ ಎದೆನೋವು ಅನ್ನುವುದೇ ಇಲ್ಲ. ಸುಸ್ತು, ಬೆವರು, ವಾಂತಿ ಬರೋ ಹಾಗಾಗುತ್ತೆ ಅಂತಾರೆ, ಅಷ್ಟೇ. ಅವರಿಗೂ ಇ.ಸಿ.ಜಿ. ಮಾಡಿಯೇ ಮಾಡಬೇಕು.

ಇನ್ನೊಂದು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಎದೆ ಉರಿ ಬಂತು ಅಂದರೆ ಮೊದಲು ಗ್ಯಾಸ್ಟ್ರಿಕ್ ಅಂತಲೇ ಲೆಕ್ಕ. ಸೋಡಾ ಕುಡಿದು ನೋಡುತ್ತಾರೆ, ಕಡಿಮೆಯಾಗದಿದ್ದರೆ ಊರಲ್ಲಿ ಯಾರ ಹತ್ತಿರವಾದರೂ ಹೋಗಿ ಸೊಂಟಕ್ಕೆ ನೋವಿನ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾರೆ. ಹೆಚ್ಚಾಗಿ ಡೈಕ್ಲೋಫಿನಾಕ್. ಹಾರ್ಟ್ ಅಟ್ಯಾಕ್‌ನಲ್ಲಿ ಆ ಔಷಧವೇ ಒಳ್ಳೆಯದಲ್ಲ. ಅದರ ಮೇಲೆ, ನಾವು ಹೆಪ್ಪು ಕರಗಿಸುವ ಔಷಧ ಕೊಟ್ಟ ಮೇಲೆ ಆ ಸೂಜಿ ಚುಚ್ಚಿದ ಜಾಗದ ಒಳಗೆ ರಕ್ತ ಸೋರಲು ಶುರುವಾಗಬಹುದು. ಔಷಧಕ್ಕೆ ಯಾವುದು ಕೆಟ್ಟ ಹೆಪ್ಪು, ಯಾವುದು ಗಾಯ ಮುಚ್ಚಿದ ಹೆಪ್ಪು ಅನ್ನುವುದು ಗೊತ್ತಾಗುವುದಿಲ್ಲ ಅಲ್ವಾ. ಸೊಂಟದ ಕೆಳಗೆ ಅಂಗೈ ಅಗಲ ನೀಲಿಗಟ್ಟಿ, ಗಟ್ಟಿಯಾಗಿ ಊದಿಕೊಂಡದ್ದನ್ನು ನೋಡಿದ್ದೇನೆ. ಅದಕ್ಕೆ ನಾನು ಬಂದ ಕೂಡಲೇ ಕೇಳುವುದು, "ಯಜಮಾನ್ರೇ, ಬರುವಾಗ ಎಲ್ಲಾದ್ರೂ ಇಂಜೆಕ್ಷನ್ ಹಾಕಿಸ್ಕೊಂಡ್ರಾ? ಯಾವ ಕಡೆ?" ಬೈಯುತ್ತಾರೇನೋ ಎಂದು ಮುಚ್ಚಿಡುತ್ತಾರೆ. ಮೆತ್ತಗೆ ಕೇಳಿದರೆ ಹೇಳುತ್ತಾರೆ. ಹಾಕಿಸಿಕೊಂಡಿದ್ದಾರೆ ಎಂದು ಟ್ರೀಟ್ಮೆಂಟ್ ನಿಲ್ಲಿಸುವುದಿಲ್ಲ, ಆ ಜಾಗದ ಮೇಲೆ ಕಣ್ಣಿಡುತ್ತೇವೆ. ನಾವಂತೂ ಎದೆನೋವಿನವರಿಗೆ ಮಾಂಸಕ್ಕೆ ಏನನ್ನೂ ಚುಚ್ಚುವುದಿಲ್ಲ.

ಡಾಕ್ಟರು ಇ.ಸಿ.ಜಿ. ನೋಡುತ್ತಿರುವಾಗಲೇ ಕೇಳಬೇಕಾದ ಪ್ರಶ್ನೆಗಳು ಇನ್ನೂ ಇವೆ. ಲಕ್ವ ಹೊಡೆದಿತ್ತಾ, ತಲೆಗೆ ಪೆಟ್ಟು ಬಿದ್ದಿತ್ತಾ, ಈಚೆಗೆ ಆಪರೇಷನ್ ಆಗಿದೆಯಾ, ಮಲ ಕಪ್ಪಗೆ ಹೋಗ್ತಿದೆಯಾ. ಈ ಔಷಧದಿಂದ ನೂರರಲ್ಲಿ ಸುಮಾರು ಒಬ್ಬರಿಗೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ಮನೆಯವರಿಗೆ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಯೇ ಸಹಿ ತೆಗೆದುಕೊಳ್ಳುತ್ತೇವೆ. ಎರಡೂ ತೋಳಿನ ಬಿ.ಪಿ. ನೋಡುತ್ತೇವೆ, ಬಹಳ ವ್ಯತ್ಯಾಸ ಇದ್ದರೆ ಮಹಾಧಮನಿಯೇ ಸೀಳಿರಬಹುದು. ಆಗ ಈ ಇಂಜೆಕ್ಷನ್ ಜೀವಕ್ಕೇ ಕುತ್ತು.

ಅಷ್ಟರೊಳಗೆ ಆಸ್ಪಿರಿನ್ ಅಗಿಸಿ ನುಂಗಿಸಿರುತ್ತೇವೆ. ಕೆಲವೇ ರೂಪಾಯಿಯ ಮಾತ್ರೆ ಎಂದು ಹಗುರ ಮಾಡಬೇಡಿ. 1988ರಲ್ಲಿ ಪ್ರಕಟವಾದ ಐಸಿಸ್-2 ಎಂಬ ಅಧ್ಯಯನದಲ್ಲಿ ಹಾರ್ಟ್ ಅಟ್ಯಾಕ್ ಆದ 17,187 ರೋಗಿಗಳಿದ್ದರು. ಆಸ್ಪಿರಿನ್ ಒಂದೇ ಕೊಟ್ಟಾಗಲೂ ಐದು ವಾರದೊಳಗಿನ ಸಾವು ಕಾಲುಭಾಗದಷ್ಟು ಕಡಿಮೆಯಾಗಿತ್ತು. ಸ್ಟ್ರೆಪ್ಟೋಕೈನೇಸ್ ಜೊತೆಗೆ ಕೊಟ್ಟಾಗ ನೂರಕ್ಕೆ 13ರಷ್ಟಿದ್ದ ಸಾವು 8ಕ್ಕೆ ಇಳಿದಿತ್ತು.

ಟೆನೆಕ್ಟೆಪ್ಲೇಸ್ ಡೋಸ್ ತೂಕದ ಮೇಲೆ ನಿಂತಿದೆ. 60 ಕೆ.ಜಿ.ಗಿಂತ ಕಡಿಮೆಯಿದ್ದರೆ 30 ಮಿಲಿಗ್ರಾಂ, 90 ದಾಟಿದರೆ 50. ವಯಸ್ಸು 75 ಮೀರಿದ್ದರೆ ಅರ್ಧ ಡೋಸ್ ಸಾಕು ಅಂತಾರೆ ಡಾಕ್ಟರು. ಕಣ್ಣಳತೆಯಲ್ಲಿ ತೂಕ ಹೇಳಬಾರದು. ಮನೆಯವರನ್ನು ಕೇಳಿ, ಹಳೆಯ ಚೀಟಿ ಇದ್ದರೆ ನೋಡಿ.

ಕ್ಯಾನುಲಾ (ಔಷಧ ಕೊಡಲು ರಕ್ತನಾಳದಲ್ಲಿ ಇಡುವ ಸಣ್ಣ ನಳಿಕೆ) ಎಡಗೈಗೆ ಹಾಕುತ್ತೇನೆ. ಮುಂದೆ ಆಂಜಿಯೋಗ್ರಾಂ (ಹೃದಯದ ರಕ್ತನಾಳ ಎಲ್ಲಿ ಕಟ್ಟಿದೆ ಎಂದು ನೋಡುವ ಪರೀಕ್ಷೆ) ಮಾಡುವವರು ಹೆಚ್ಚಾಗಿ ಬಲ ಮಣಿಕಟ್ಟಿನಿಂದಲೇ ನಳಿಕೆ ತೂರಿಸುವುದು, ಆ ಜಾಗ ಅವರಿಗೆ ಚೊಕ್ಕವಾಗಿ ಉಳಿಯಬೇಕು. ರಕ್ತಪರೀಕ್ಷೆಗೆ ಬೇಕಾದದ್ದನ್ನೂ ಆಗಲೇ ತೆಗೆದುಬಿಟ್ಟರೆ ಆಮೇಲೆ ಮತ್ತೆ ಮತ್ತೆ ಚುಚ್ಚುವ ಪ್ರಮೇಯ ಬರುವುದಿಲ್ಲ.

ಇಂಜೆಕ್ಷನ್ ಆದ ಮೇಲೆ ಮಾನಿಟರ್ ಬಿಟ್ಟು ಅಲ್ಲಾಡುವ ಹಾಗಿಲ್ಲ. ರಕ್ತನಾಳ ತೆರೆದುಕೊಂಡಾಗ ಎಷ್ಟೋ ಸಲ ಮಿಡಿತದ ಅಲೆ ಇದ್ದಕ್ಕಿದ್ದಂತೆ ಅಗಲವಾಗುತ್ತದೆ, ನಿಮಿಷಕ್ಕೆ ಎಂಬತ್ತು ತೊಂಬತ್ತರ ವೇಗದಲ್ಲಿ ಓಡುತ್ತದೆ. ಹೊಸಬರು ಹೆದರುತ್ತಾರೆ. ಬಿ.ಪಿ. ಚೆನ್ನಾಗಿದ್ದು ರೋಗಿ ಮಾತಾಡುತ್ತಿದ್ದರೆ ಅದು ತಾನಾಗಿ ಸರಿಹೋಗುತ್ತದೆ. ಆದರೆ ಮಿಡಿತ ನಿಜಕ್ಕೂ ಕೆಡುವುದೂ ಇದೇ ಹೊತ್ತಿನಲ್ಲಿ, ಹಾಗಾಗಿ ಎದೆಗೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಪಕ್ಕದಲ್ಲೇ ಇರಬೇಕು.

ತೊಂಬತ್ತನೇ ನಿಮಿಷಕ್ಕೆ ಮತ್ತೆ ಇ.ಸಿ.ಜಿ. ಹಾರ್ಟ್ ಅಟ್ಯಾಕ್ ಆದಾಗ ಪಟ್ಟಿಯಲ್ಲಿ ಮೇಲೆದ್ದ ಎಸ್‌.ಟಿ. ಗೆರೆ ಅರ್ಧಕ್ಕಿಂತ ಜಾಸ್ತಿ ಇಳಿದಿರಬೇಕು. ಇಳಿಯದಿದ್ದರೆ ಔಷಧ ಕೆಲಸ ಮಾಡಿಲ್ಲ ಎಂದರ್ಥ, ಇನ್ನು ಕಾಯುವ ಹಾಗಿಲ್ಲ. ಇದು ಅಪರೂಪವೂ ಅಲ್ಲ. 2013ರ ಸ್ಟ್ರೀಮ್ ಅಧ್ಯಯನದಲ್ಲಿ ಟೆನೆಕ್ಟೆಪ್ಲೇಸ್ ಪಡೆದ ನೂರರಲ್ಲಿ 36 ಮಂದಿಗೆ ತುರ್ತಾಗಿ ಆಂಜಿಯೋಗ್ರಾಂ ಬೇಕಾಯಿತು. ಅದಕ್ಕೇ ಆಂಬುಲೆನ್ಸಿಗೆ ಹೇಳುವುದು ತೊಂಬತ್ತನೇ ನಿಮಿಷದಲ್ಲಲ್ಲ, ಇಂಜೆಕ್ಷನ್ ಕೊಟ್ಟ ಕೂಡಲೇ.

ನನಗೆ ಎಲ್ಲಕ್ಕಿಂತ ಕಷ್ಟ ಅನ್ನಿಸುವುದು ಔಷಧ ಚೆನ್ನಾಗಿ ಕೆಲಸ ಮಾಡಿದಾಗ. ನೋವು ಪೂರ್ತಿ ನಿಂತಿರುತ್ತದೆ, ರೋಗಿ ಎದ್ದು ಕೂತು ಕಾಫಿ ಕೇಳುತ್ತಾರೆ. "ವಾಸಿ ಆಯ್ತಲ್ಲ ಸಿಸ್ಟರ್, ಮತ್ಯಾಕೆ ಅಷ್ಟು ದೂರ? ನಾಳೆ ನಾಳಿದ್ದು ಹೋಗ್ತೀವಿ." ಸುಮ್ನೆ ಹಟಕ್ಕೆ ಹೇಳುವುದಲ್ಲ. ದುಡ್ಡಿನ ಚಿಂತೆ ಇರುತ್ತದೆ, ಮನೆಯಲ್ಲಿ ಹಸು ಕರೆಯುವವರು ಬೇಕು, ಜೊತೆಗೆ ಹೋಗಲು ಜನ ಬೇಕು. ನಾನು ಪೆನ್ನು ತಗೊಂಡು ಕೇಸ್ ಶೀಟಿನ ಹಿಂದೆ ಒಂದು ನಾಳ ಬರೆದು ತೋರಿಸುತ್ತೇನೆ. ಕರಗಿದ್ದು ಹೆಪ್ಪು ಮಾತ್ರ, ಗೋಡೆಯಲ್ಲಿ ಒಡೆದ ಕೊಬ್ಬಿನ ಗಂಟು ಹಾಗೇ ಇದೆ, ಅದರ ಮೇಲೆ ಮತ್ತೆ ಹೆಪ್ಪು ಕಟ್ಟಬಹುದು, ಅದಕ್ಕೇ ಒಂದು ದಿನದೊಳಗೆ ಆಂಜಿಯೋಗ್ರಾಂ ಆಗಬೇಕು ಎಂದು ಹೇಳುತ್ತೇನೆ. ಆ ಚಿತ್ರ ನೋಡಿದ ಮೇಲೆ ಹೆಚ್ಚಿನವರು ಒಪ್ಪುತ್ತಾರೆ.

ಒಪ್ಪಿದ ಮೇಲೂ ಕಾಗದಪತ್ರಕ್ಕೆ ಹೊತ್ತು ಹೋಗುತ್ತದೆ. ಹಾಗಾಗಿ ಇಂಜೆಕ್ಷನ್ ಕೊಡುತ್ತಿರುವಾಗಲೇ ಮನೆಯವರಲ್ಲಿ ಒಬ್ಬರನ್ನು ಕರೆದು ರೇಷನ್ ಕಾರ್ಡು, ಆಧಾರ್ ಕಾರ್ಡು ತರಲು ಊರಿಗೆ ಓಡಿಸುತ್ತೇನೆ. ರೆಫರಲ್ ಚೀಟಿಯ ಮೇಲೆ ನೋವು ಶುರುವಾದ ಹೊತ್ತು, ಇಂಜೆಕ್ಷನ್ ಕೊಟ್ಟ ಹೊತ್ತು, ಡೋಸ್, ಕೊಟ್ಟ ಮಾತ್ರೆಗಳನ್ನು ದಪ್ಪ ಅಕ್ಷರದಲ್ಲಿ ಬರೆದು, ಎರಡೂ ಇ.ಸಿ.ಜಿ. ಪಟ್ಟಿ ಪಿನ್ ಮಾಡಿ ಕೊಡುತ್ತೇನೆ.